ಓದುಗರ ಪ್ರಶ್ನೆ: ಸಿಂತ್ರಾ ಒಂದೇ ದಿನದಲ್ಲಿ ಆಗುತ್ತಾ?

ಹೋದ ಸಂಚಿಕೆಯಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು, ‘ಒಂದು ದಿನ ಉಳಿದರೆ ರೈಲು ಹತ್ತಿ ಸಿಂತ್ರಾಗೆ ಹೋಗಿ ಬನ್ನಿ’ ಅಂತ ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಮೇಲೆಯೇ! ಹಾಗಾಗಿ ಈ ಸಲ ಪೂರ್ತಿ ಸಿಂತ್ರಾ, ಲಿಸ್ಬನ್ ಹತ್ತಿರದ ಅರಮನೆಗಳ ಬೆಟ್ಟದೂರು.

ಪ್ರ: ಮೇಡಂ, ಮಗಳು ಲಿಸ್ಬನ್‌ನಲ್ಲಿ ಕೆಲಸದಲ್ಲಿದ್ದಾಳೆ. ಜೂನ್‌ನಲ್ಲಿ ನಾನೂ ನಮ್ಮ ಮನೆಯವರೂ ಹೋಗುತ್ತಿದ್ದೇವೆ. ಅವಳಿಗೆ ರಜೆ ಸಿಗುವುದಿಲ್ಲವಂತೆ, ‘ಸಿಂತ್ರಾಗೆ ನೀವಿಬ್ಬರೇ ಹೋಗಿ ಬನ್ನಿ, ಏನೂ ಕಷ್ಟ ಇಲ್ಲ’ ಅನ್ನುತ್ತಾಳೆ. ಪೆನಾ ಅರಮನೆ, ಮೂರ್ ಜನರ (ಹಿಂದೆ ಅಲ್ಲಿ ಆಳಿದ ಮುಸ್ಲಿಮರ) ಕೋಟೆ, ರೆಗಲೇರಾ ತೋಟದ ಬಾವಿ, ಊರೊಳಗಿನ ಹಳೇ ಅರಮನೆ, ಮೊನ್ಸರಾತ್ ತೋಟ, ಆಮೇಲೆ ಸಮುದ್ರದ ತುದಿ ಕಾಬೊ ದ ರೋಕಾ, ಇಷ್ಟೂ ಪಟ್ಟಿ ಮಾಡಿ ಕೊಟ್ಟಿದ್ದಾಳೆ. ನನಗೆ 63, ಅವರಿಗೆ 68, ಅವರ ಮಂಡಿ ಅಷ್ಟಕ್ಕಷ್ಟೆ. ಒಂದೇ ದಿನದಲ್ಲಿ ಆಗುತ್ತಾ? (ಓದುಗರೊಬ್ಬರು, ಶಿವಮೊಗ್ಗ)

ಉ: ಆಗುವುದಿಲ್ಲ. ಮಂಡಿ ಗಟ್ಟಿ ಇರುವ ನಿಮ್ಮ ಮಗಳಿಗೂ ಆಗುವುದಿಲ್ಲ. ನಕ್ಷೆಯಲ್ಲಿ ನೋಡಿದರೆ ಎಲ್ಲ ಒಂದರ ಪಕ್ಕ ಒಂದು ಇದ್ದ ಹಾಗೆ ಕಾಣುತ್ತದೆ, ಅದೇ ಮೋಸ. ಊರು ಸುಮಾರು 200 ಮೀಟರ್ ಎತ್ತರದಲ್ಲಿದೆ, ಪೆನಾ ಅರಮನೆ 500 ಮೀಟರ್‌ಗೆ ಹತ್ತಿರ. ನಡುವೆ ಇರುವುದು ತಿರುವುಗಳ ಕಿರಿದಾದ ರಸ್ತೆ. ಅದರ ಮೇಲೆ ಬಸ್ಸು, ಟುಕ್‌ಟುಕ್ (ಅಲ್ಲಿಯ ಆಟೋ), ಟ್ಯಾಕ್ಸಿ, ನಡೆಯುವವರು ಎಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತು ದಾಟಿದರೆ ಸ್ಟೇಷನ್ ಎದುರಿನ ಬಸ್ ಕ್ಯೂ ನೋಡಿಯೇ ಅರ್ಧ ಸುಸ್ತಾಗುತ್ತದೆ.

ಪಟ್ಟಿಯಲ್ಲಿ ಮೂರಕ್ಕೆ ಗೀಟು ಹಾಕಿ. ಮೂರ್ ಜನರ ಕೋಟೆ ಚೆಂದವೇ, ಆದರೆ ಅಲ್ಲಿ ನೋಡುವುದೆಲ್ಲ ಗೋಡೆಯ ಮೇಲೆ ಹತ್ತಿ ಇಳಿದು ನೋಡಬೇಕು, ಒಂದು ಮೆಟ್ಟಿಲಿದ್ದ ಹಾಗೆ ಇನ್ನೊಂದಿಲ್ಲ. ರೆಗಲೇರಾದ ಬಾವಿ 27 ಮೀಟರ್ ಆಳ, ನೀರು ಸೇದುವ ಬಾವಿ ಅಲ್ಲ, ಸುತ್ತಿ ಸುತ್ತಿ ಇಳಿಯುವ ಮೆಟ್ಟಿಲ ಬಾವಿ. ಬ್ರೆಜಿಲ್‌ನಲ್ಲಿ ಹುಟ್ಟಿದ ಮೊಂತೇರೊ ಎಂಬ ಸಿರಿವಂತ 20ನೆಯ ಶತಮಾನದ ಶುರುವಿನಲ್ಲಿ ಒಬ್ಬ ಇಟಲಿಯವನ ಕೈಯಲ್ಲಿ ಮಾಡಿಸಿದ್ದು. ಆ ಇಟಲಿಯವನು ಒಪೆರಾ ಎಂಬ ಹಾಡಿನ ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದವನು. ತೋಟ ನೋಡಿದರೆ ಅದು ಗೊತ್ತಾಗುತ್ತದೆ, ಎಲ್ಲ ಕಡೆ ನಾಟಕದ ಸೆಟ್ಟು! ಮೆಟ್ಟಿಲು ಒದ್ದೆ, ಕೆಳಗೆ ಸುರಂಗ ಕತ್ತಲು. ಅವರ ಮಂಡಿಗೆ ಬೇಡ. ಕಾಬೊ ದ ರೋಕಾ ಯುರೋಪ್ ಭೂಖಂಡದ ಪಶ್ಚಿಮದ ತುದಿ ಹೌದು, 140 ಮೀಟರ್ ಎತ್ತರದ ಬಂಡೆಯಂಚು. ಹೋಗಿ, ಗಾಳಿಗೆ ಟೋಪಿ ಹಿಡಿದುಕೊಂಡು, ಒಂದು ಫೋಟೊ ತೆಗೆದು ಬರುವುದಕ್ಕೆ ಅರ್ಧ ದಿನ ಬೇಕು. ಇನ್ನೊಂದು ದಿನ ಮಗಳ ಜತೆ ಹೋಗಿ.

ಉಳಿದದ್ದು ಪೆನಾ, ಊರೊಳಗಿನ ಅರಮನೆ, ಮೊನ್ಸರಾತ್. ಇಷ್ಟು ಸಾಕು, ನಿಧಾನವಾಗಿ ಆಗುತ್ತದೆ.

ಲಿಸ್ಬನ್‌ನ ರೋಸಿಯೊ ಸ್ಟೇಷನ್ನಿನಿಂದ ಎಂಟು ಗಂಟೆ ಆಸುಪಾಸಿನ ರೈಲು ಹಿಡಿಯಿರಿ. ಕುದುರೆ ಲಾಳದ ಆಕಾರದ ಎರಡು ದೊಡ್ಡ ಬಾಗಿಲಿರುವ ಕಟ್ಟಡ ಅದು. ಪ್ಲಾಟ್‌ಫಾರ್ಮ್ ಮಾತ್ರ ಮೇಲಿನ ಮಹಡಿಯಲ್ಲಿ, ನಾನು ಮೊದಲ ಸಲ ನೆಲಮಟ್ಟದಲ್ಲೇ ಹುಡುಕುತ್ತಾ ನಿಂತಿದ್ದೆ. ಸಿಂತ್ರಾವೇ ಕೊನೆಯ ಸ್ಟೇಷನ್, 40 ನಿಮಿಷ, ಹಾಗಾಗಿ ಎಲ್ಲಿ ಇಳಿಯಬೇಕೋ ಎಂಬ ಚಿಂತೆ ಇಲ್ಲ. ನವೆಗಾಂತ್ ಎಂಬ ಕಾರ್ಡಿಗೆ ದುಡ್ಡು ತುಂಬಿಸಿಕೊಳ್ಳಬೇಕು. ಒಬ್ಬರಿಗೆ ಒಂದು ಕಾರ್ಡು, ಇಬ್ಬರೂ ಒಂದರಲ್ಲೇ ಹೋಗಲು ಬರುವುದಿಲ್ಲ. ಇಳಿದ ಮೇಲೂ ಗೇಟಿಗೆ ಕಾರ್ಡು ಮುಟ್ಟಿಸಬೇಕು, ಬಿಸಾಡಬೇಡಿ.

ಸ್ಟೇಷನ್ ಎದುರಲ್ಲೇ 434 ನಂಬರಿನ ಬಸ್ಸು. ಅದು ಊರು, ಕೋಟೆ, ಪೆನಾ ಮುಟ್ಟಿ ಸುತ್ತು ಹಾಕಿ ಬರುತ್ತದೆ. ಮೊದಲು ಮೇಲಕ್ಕೆ ಹೋಗಿಬಿಡಿ, ಊರು ಎಲ್ಲೂ ಓಡಿಹೋಗುವುದಿಲ್ಲ. ಪೆನಾ ಟಿಕೆಟ್ ಮನೆಯಲ್ಲಿ ಕೂತೇ ಆನ್‌ಲೈನ್‌ನಲ್ಲಿ ಮಾಡಿಸಿ, 65 ದಾಟಿದವರಿಗೆ ಕಡಿಮೆ ಇದೆ, ಯಜಮಾನರ ಪಾಸ್‌ಪೋರ್ಟ್ ಜತೆಗಿರಲಿ.

ಇನ್ನು ನಾನು ತಿಂದ ಪೆಟ್ಟು ಹೇಳುತ್ತೇನೆ. ನನ್ನ ಟಿಕೆಟ್‌ನಲ್ಲಿ 10:30 ಎಂದಿತ್ತು. 10:20ಕ್ಕೆ ಗೇಟಿನಲ್ಲಿದ್ದೆವು. ಹತ್ತು ನಿಮಿಷ ಇದೆಯಲ್ಲ ಅಂತ ಆರಾಮಾಗಿ ನೀರು ಕುಡಿದು, ಕಿತ್ತಳೆ ಸುಲಿದು ತಿಂದು ಹೊರಟೆವು. ಆ ಹೊತ್ತು ಪಾರ್ಕಿನ ಗೇಟಿನದಲ್ಲ, ಅರಮನೆ ಬಾಗಿಲಿನದು! ಗೇಟಿನಿಂದ ಬಾಗಿಲಿಗೆ ಅರ್ಧ ಗಂಟೆಯ ಏರು. ಏದುಸಿರು ಬಿಡುತ್ತಾ ಹೋದರೆ ಬಾಗಿಲಲ್ಲಿದ್ದ ಹುಡುಗಿ ಟಿಕೆಟ್ ನೋಡಿ, ಗಡಿಯಾರ ನೋಡಿ, ಪಾಪ ನಗುತ್ತಲೇ ಆಗಲ್ಲ ಎಂದಳು. ತಪ್ಪು ನನ್ನದೇ, ಟಿಕೆಟ್‌ನಲ್ಲಿ ಬರೆದೇ ಇತ್ತು, ಓದಿರಲಿಲ್ಲ. ಗೇಟಿನಿಂದ ಮೇಲಕ್ಕೆ ಒಂದು ಪುಟ್ಟ ಬಸ್ಸಿದೆ, ಅದಕ್ಕೆ ಬೇರೆ ದುಡ್ಡು. ನೀವು ಅದನ್ನೇ ಹತ್ತಿ, ಅಲ್ಲಿ ಜಿಪುಣತನ ಬೇಡ.

ಪೆನಾದಿಂದ ಇಳಿದು ಬಂದು ಊರಿನ ಅರಮನೆ ನೋಡಿ. ದೂರದಿಂದಲೇ ಎರಡು ಬಿಳಿ ಶಂಕುಗಳು ಕಾಣುತ್ತವೆ, 33 ಮೀಟರ್ ಎತ್ತರ. ಗೋಪುರ ಅಂದುಕೊಂಡಿದ್ದೆ, ಅವು ಅಡುಗೆಮನೆಯ ಚಿಮಣಿ! ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಗೂಡು ಇರುತ್ತದಲ್ಲ, ಅಲ್ಲಿ ಹಾಗಲ್ಲ. ಅಡುಗೆಮನೆಯ ಚಾವಣಿಯೇ ಮೇಲೇರುತ್ತಾ ಕಿರಿದಾಗಿ ಚಿಮಣಿಯಾಗಿದೆ. ನೀವು ಚಿಮಣಿಯೊಳಗೇ ನಿಂತಿರುತ್ತೀರಿ. ಕತ್ತೆತ್ತಿ ನೋಡಿದರೆ ತುದಿಯಲ್ಲಿ ಬೆಳಕು. ಬೇಟೆಯಾಡಿ ತಂದ ಪ್ರಾಣಿಯನ್ನು ಇಡಿಯಾಗಿ ಸುಡುತ್ತಿದ್ದ ಮನೆ, ಹೊಗೆ ಎಷ್ಟಿದ್ದಿರಬೇಕು ಲೆಕ್ಕ ಹಾಕಿ. ಇನ್ನೊಂದು ಕೋಣೆಯ ಚಾವಣಿ ತುಂಬ ಹಕ್ಕಿಗಳು, ಸದಾ ಗಲಗಲ ಅನ್ನುವ ಕಾಗೆ ಜಾತಿಯ 136 ಮ್ಯಾಗ್‌ಪೈಗಳು. ಒಂದನೇ ಜುವಾಂವ್ ರಾಜ ರಾಣಿಯ ಸಖಿಯೊಬ್ಬಳಿಗೆ ಮುತ್ತು ಕೊಡುವಾಗ ಸಿಕ್ಕಿಬಿದ್ದನಂತೆ, ಅರಮನೆಯ ಹೆಂಗಸರೆಲ್ಲ ಗುಸುಗುಸು ಶುರು ಮಾಡಿದರಂತೆ, ಅವರ ಬಾಯಿಗೆ ಸಮನಾಗಿ ಆತ ಹಕ್ಕಿಗಳನ್ನು ಬರೆಸಿದನಂತೆ. ಕಥೆ ಎಷ್ಟು ನಿಜವೋ, ಹಕ್ಕಿಗಳಂತೂ ಇವೆ.

ಮಧ್ಯಾಹ್ನ ಊಟ ಮಾಡಿ 435ನೇ ಬಸ್ಸಿನಲ್ಲಿ ಮೊನ್ಸರಾತ್. ಅಲ್ಲಿ ಜನ ಕಡಿಮೆ, ಬೆಂಚು ಜಾಸ್ತಿ. ಅರಮನೆಗೆ ಇಳಿಜಾರು, ವಾಪಸ್ ಬರುವಾಗ ಏರು. ಅವಸರ ಮಾಡದೆ ಕೂತು ಕೂತು ಬನ್ನಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಪ್ರ: ಅಲ್ಲೂ ಆಟೋ ಇದೆಯಂತೆ, ಹೌದಾ? ಎಷ್ಟು ತಗೋತಾರೆ? (ದಾವಣಗೆರೆಯ ಆಟೋ ಚಾಲಕರು)

ಉ: ಹೌದು ಅಣ್ಣಾ, ಟುಕ್‌ಟುಕ್ ಅಂತಾರೆ, ಸ್ಟೇಷನ್ ಹೊರಗೆ ಸಾಲಾಗಿ ನಿಂತಿರುತ್ತವೆ. ಮೀಟರ್ ಇಲ್ಲ, ಮಾತಾಡಿಕೊಂಡೇ ಹತ್ತಬೇಕು. ಆ ವಿಷಯದಲ್ಲಿ ನಮ್ಮೂರೇ! ಬಸ್ಸಿಗಿಂತ ತುಂಬಾ ದುಬಾರಿ, ಆದರೆ ಮೂರ್ನಾಲ್ಕು ಜನ ಇದ್ದು ಕ್ಯೂ ಉದ್ದ ಇದ್ದರೆ ತಪ್ಪಿಲ್ಲ. ನಾನು ಹತ್ತಿದ ಗಾಡಿಯ ಹುಡುಗ ದಾರಿಯುದ್ದಕ್ಕೂ ರಾಜರ ಕಥೆ ಹೇಳುತ್ತಾ ಬಂದ. ನೀವೂ ಚಿತ್ರದುರ್ಗದ ಕಡೆ ಹೀಗೆ ಶುರು ಮಾಡಬಹುದು ನೋಡಿ.

ಪ್ರ: ಮೇಡಂ, ಪೆನಾ ಒಳಗ ಹೋಗೂದು ರೊಕ್ಕಕ್ಕ ತಕ್ಕಂಗ ಐತೇನ್ರಿ? ಫೋಟೊದಾಗ ಹೊರಗಿಂದs ಛಂದ ಕಾಣತೈತಿ. (ಓದುಗ, ಹುಬ್ಬಳ್ಳಿ)

ಉ: ನಿಮ್ಮ ಅನುಮಾನ ಸರಿ ಇದೆ. ಒಳಗೆ ಕೋಣೆಗಳು ಸಣ್ಣವು, ಸಾಲಿನಲ್ಲಿ ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಹೋಗಬೇಕು. ರಾಜಮನೆತನದವರು ಹೇಗೆ ಬದುಕುತ್ತಿದ್ದರು, ಯಾವ ಮಂಚ, ಯಾವ ತಟ್ಟೆ ಎಂಬ ಕುತೂಹಲ ಇದ್ದರೆ ಹೋಗಿ. ಇಲ್ಲದಿದ್ದರೆ ಪಾರ್ಕಿಗೆ ಮಾತ್ರ ಕಡಿಮೆ ಬೆಲೆಯ ಟಿಕೆಟ್ ಇದೆ. ಎರಡನೇ ಸಲ ನಾನು ಒಳಗೂ ಹೋದೆ. ಮನಸ್ಸಿನಲ್ಲಿ ಉಳಿದದ್ದು ಮಾತ್ರ ಹೊರಗಿನದೇ.

ಹೊರಗೆ ಅರ್ಧ ಕೆಂಪು, ಅರ್ಧ ಹಳದಿ. ಯಾಕೆ ಅಂದರೆ ಕೆಂಪು ಭಾಗ ಹಳೆಯ ಮಠ. 1755ರ ದೊಡ್ಡ ಭೂಕಂಪದಲ್ಲಿ ಅದು ಕೆಟ್ಟಿತು, ಆಮೇಲೆ ಪಾಳು ಬಿತ್ತು. ಎರಡನೇ ಮರಿಯಾ ರಾಣಿಯ ಗಂಡ ಫರ್ಡಿನಾಂಡ್, ಜರ್ಮನ್ ಮನೆತನದವನು, 1838ರಲ್ಲಿ ಅದನ್ನು ಕೊಂಡು ರಿಪೇರಿ ಶುರು ಮಾಡಿದ. ಆಮೇಲೆ ಆಸೆ ಬೆಳೆದು ಪಕ್ಕದಲ್ಲಿ ಹಳದಿ ಭಾಗ ಕಟ್ಟಿಸಿದ. ಕಟ್ಟಿದವನು ಎಶ್ವೆಗೆ ಎಂಬ ಜರ್ಮನ್ ಗಣಿ ಇಂಜಿನಿಯರ್. ಗಣಿಯವನ ಕೈಗೆ ಅರಮನೆ ಕೊಟ್ಟರೆ ಏನಾಗುತ್ತದೆ ನೋಡಿ, ಅರಬ್ಬರ ಕಮಾನು, ಜರ್ಮನರ ಗೋಪುರ, ಪೋರ್ಚುಗೀಸರ ಹಗ್ಗದ ಕೆತ್ತನೆ, ಎಲ್ಲ ಒಂದೇ ಗೋಡೆಯಲ್ಲಿ. ಒಂದು ಕಮಾನಿನ ಮೇಲೆ ಅರ್ಧ ಮನುಷ್ಯ ಅರ್ಧ ಮೀನು ಆಗಿರುವವನು ಚಿಪ್ಪಿನ ಮೇಲೆ ಕೂತಿದ್ದಾನೆ. ಅವನ ಮುಖ ಹತ್ತಿರದಿಂದ ನೋಡಿ, ಬಸ್ ತಪ್ಪಿದವನ ಹಾಗೆ ಸಿಡಿಮಿಡಿ.

ಪ್ರ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಉಪವಾಸವೇ ಗತಿಯಾ? (ಓದುಗರು, ಮೈಸೂರು)

ಉ: ಲಿಸ್ಬನ್‌ನಲ್ಲಿ ಚಿಂತೆ ಇಲ್ಲ, ಮಾರ್ತಿಂ ಮೊನಿಜ್ ಕಡೆ ಹೋದರೆ ಭಾರತದ ಹೋಟೆಲುಗಳು, ಅಂಗಡಿಗಳು ಸಿಗುತ್ತವೆ. ಸಿಂತ್ರಾದಲ್ಲಿ ಸ್ವಲ್ಪ ಕಷ್ಟ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಪೆನಾ ಪಾರ್ಕಿನಲ್ಲಿ ಮರದ ಕೆಳಗೆ ಕೂತು ತಿಂದರೆ ಯಾವ ಹೋಟೆಲೂ ಬೇಡ. ‘ಸೇಂ ಕಾರ್ನ್, ಸೇಂ ಪೆಯ್ಶ್, ಸೇಂ ಓವುಶ್’ ಅಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಸಿರು ಬಣ್ಣದ ಸೂಪು ಕಾಲ್ದು ವೆರ್ದ್ ನೋಡಿ ಸೊಪ್ಪಿನ ಸಾರು ಎಂದು ಖುಷಿಪಡಬೇಡಿ, ಅದರಲ್ಲಿ ಸಾಮಾನ್ಯವಾಗಿ ಸಾಸೇಜ್ ತುಂಡು ತೇಲುತ್ತಿರುತ್ತದೆ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ತ್ರಿಕೋನದ ಶಮುಸಾ ಕಂಡರೂ ಹಿಗ್ಗಬೇಡಿ. ಅದು ನಮ್ಮ ಸಮೋಸಾವೇ, ಗೋವಾದಿಂದ ಹೋದದ್ದು, ಒಳಗೆ ಮಾತ್ರ ಹೆಚ್ಚಾಗಿ ಮಾಂಸ. ಕೇಳಿ ತಗೊಳ್ಳಿ.

ಊರಿನ ಹೆಸರಾದ ತಿಂಡಿ ಎರಡು. ಕೆಯ್ಜಾದಾ, ಅಂಗೈಯಲ್ಲಿ ಹಿಡಿಸುವ ಚೀಸಿನ ಸಿಹಿ ಬಟ್ಟಲು, ದಾಲ್ಚಿನ್ನಿ ಘಮ. ಇನ್ನೊಂದು ತ್ರವಸೇರು, ಹೆಸರಿನ ಅರ್ಥವೇ ದಿಂಬು. ಪದರು ಪದರಾದ ದಿಂಬಿನೊಳಗೆ ಬಾದಾಮಿ ಹೂರಣ. ಎರಡರಲ್ಲೂ ಮೊಟ್ಟೆ ಇದೆ, ಕ್ಷಮಿಸಿ. ಹೋಟೆಲಿನಲ್ಲಿ ಕೂತ ತಕ್ಷಣ ಕೇಳದೆಯೇ ಬ್ರೆಡ್ಡು, ಬೆಣ್ಣೆ, ಆಲಿವ್ ತಂದಿಡುತ್ತಾರೆ. ಪುಕ್ಕಟೆ ಅಲ್ಲ! ಬೇಡದಿದ್ದರೆ ಮುಟ್ಟದೆ ವಾಪಸ್ ಕೊಡಿ, ಬಿಲ್ಲಿಗೆ ಹಾಕುವುದಿಲ್ಲ.

ಭಾಷೆ ಬರದೆ ಹೇಗೆ ಅಂತಲೂ ಕೇಳಿದ್ದೀರಿ. ನಿಮಗೆ ಸ್ವಲ್ಪ ಬರುತ್ತದೆ. ಮೇಜು, ಪಾದ್ರಿ, ಚಾವಿ, ಪಗಾರ, ಬಟಾಟೆ ಎಲ್ಲ ಅವರಿಂದಲೇ ಬಂದ ಮಾತುಗಳು. ತುಂಬಿದ ಹೋಟೆಲಿನ ಬಾಗಿಲಲ್ಲಿ ನಮ್ಮೆಜಮಾನರು ಕೈಸನ್ನೆ ಮಾಡುತ್ತಾ ಬಾಯಿತಪ್ಪಿ ‘ಮೇಜು, ಮೇಜು’ ಅಂದರು. ಮಾಣಿ ‘ಮೇಜಾ, ಸಿಂ’ ಅಂತ ಕಿಟಕಿ ಪಕ್ಕದ ಮೇಜು ತೋರಿಸಿದ. ಅವತ್ತಿನಿಂದ ಇವರಿಗೆ ಪೋರ್ಚುಗೀಸ್ ಬರುತ್ತದೆ ಅಂತ ಮನೆಯಲ್ಲಿ ಘೋಷಣೆಯಾಗಿದೆ.

ಪ್ರ: ಸಿಂತ್ರಾದಲ್ಲಿ ನಮ್ಮ ದೇಶದ ಒಂದು ಕಲ್ಲು ಶಾಸನ ಇದೆಯಂತೆ, ನಿಜವೇ? ಅದು ಅಲ್ಲಿಗೆ ಹೇಗೆ ಹೋಯಿತು? (ನಿವೃತ್ತ ಮೇಷ್ಟ್ರು, ಹೊನ್ನಾವರ)

ಉ: ಮೇಷ್ಟ್ರೇ, ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ನಿಜ. ಅದಕ್ಕೆ ‘ಸಿಂತ್ರಾ ಪ್ರಶಸ್ತಿ’ ಎಂದೇ ಹೆಸರು, ಪ್ರಶಸ್ತಿ ಅಂದರೆ ಹೊಗಳಿಕೆಯ ಶಾಸನ. ಗುಜರಾತಿನ ಸೋಮನಾಥದ ಕಲ್ಲು, 1287ನೇ ಇಸವಿಯದು, ಸಾರಂಗದೇವ ರಾಜನ ಕಾಲ, ಭಾಷೆ ಸಂಸ್ಕೃತ. ತ್ರಿಪುರಾಂತಕ ಎಂಬ ಪಾಶುಪತ ಶೈವ ಯತಿ ಕೇದಾರದಿಂದ ರಾಮೇಶ್ವರದವರೆಗೆ ಯಾತ್ರೆ ಮಾಡಿ, ಕೊನೆಗೆ ಸೋಮನಾಥದಲ್ಲಿ ನಿಂತು ಐದು ಗುಡಿ ಕಟ್ಟಿಸಿದ್ದನ್ನು ಹೇಳುತ್ತದೆ. ಆ ಕಲ್ಲು ಅರಬ್ಬಿ ಸಮುದ್ರ ದಾಟಿ ಸಿಂತ್ರಾದ ಪೆನ್ಯಾ ವೆರ್ದ್ ಎಂಬ ತೋಟದ ಮನೆ ಸೇರಿತು. 19ನೆಯ ಶತಮಾನದ ಕೊನೆಗೆ ವಿದ್ವಾಂಸರು ಓದಿ ಅಚ್ಚು ಹಾಕಿಸಿದರು. ಇಡೀ ದೇಶ ಸುತ್ತಿದ ಯತಿಯ ಕಥೆ ಹೊತ್ತ ಕಲ್ಲು ಅವನಿಗಿಂತ ದೂರ ಪ್ರಯಾಣ ಮಾಡಿತು ಅನ್ನಿ.

ಆ ತೋಟ ಮಾಡಿದವನು ಜುವಾಂವ್ ದ ಕಾಸ್ತ್ರು. ಪೋರ್ಚುಗೀಸರ ಗೋವಾದ ಗವರ್ನರ್, ಕೊನೆಯಲ್ಲಿ ವೈಸರಾಯ್, 1548ರಲ್ಲಿ ಅಲ್ಲೇ ತೀರಿಕೊಂಡ. ಇವನ ಗಡ್ಡದ ಕಥೆ ಪೋರ್ಚುಗಲ್ಲಿನಲ್ಲಿ ಬಹಳ ಹೆಸರಾದದ್ದು. 1546ರಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಗುಜರಾತ್ ಕರಾವಳಿಯ ದೀವ್ ಕೋಟೆಯನ್ನು ಉಳಿಸಿಕೊಂಡ, ಆದರೆ ಗೋಡೆಯೆಲ್ಲ ನುಚ್ಚುನೂರು, ಕಟ್ಟಲು ದುಡ್ಡಿಲ್ಲ. ಅದೇ ಮುತ್ತಿಗೆಯಲ್ಲಿ ಸತ್ತ ಮಗನ ಎಲುಬನ್ನೇ ಅಡವಿಡಲು ಯೋಚಿಸಿದನಂತೆ, ಅದೂ ಆಗಲಿಲ್ಲ. ಆಗ ತನ್ನ ಗಡ್ಡದ ಕೂದಲು ಕಿತ್ತು ಅಡವಾಗಿ ಗೋವಾಕ್ಕೆ ಕಳಿಸಿ ಸಾಲ ಕೇಳಿದನಂತೆ. ಊರವರು ಸಾಲ ಕೊಟ್ಟು ಕೂದಲನ್ನೂ ಮರ್ಯಾದೆಯಿಂದ ವಾಪಸ್ ಕಳಿಸಿದರು ಅನ್ನುತ್ತದೆ ಕಥೆ. ಇವತ್ತು ಬ್ಯಾಂಕಿಗೆ ಹೋಗಿ ಹೀಗೆ ಕೇಳಿ ನೋಡಿ!

ನಿಮಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಇದೇ ಕಾಸ್ತ್ರು 1547ರಲ್ಲಿ ವಿಜಯನಗರದ ಜತೆ ಕರಾರು ಮಾಡಿಕೊಂಡ. ಸಿಂಹಾಸನದ ಮೇಲೆ ಸದಾಶಿವರಾಯ, ಅಧಿಕಾರ ಅಳಿಯ ರಾಮರಾಯನದು. ಗೋವಾದಲ್ಲಿ ಇಳಿಯುವ ಅರಬ್ಬಿ ಕುದುರೆಗಳು ವಿಜಯನಗರಕ್ಕೆ ಬರಬೇಕು, ಬಿಜಾಪುರಕ್ಕೆ ಹೋಗಬಾರದು ಎನ್ನುವುದು ಅದರ ತಿರುಳು. ಅಂಕೋಲೆಯ ಹೆಸರೂ, ನಿಮ್ಮ ಹೊನ್ನಾವರದ ಹೆಸರೂ ಆ ಕರಾರಿನಲ್ಲಿ ಬರುತ್ತದೆ. ಹಂಪಿಯ ಕುದುರೆ ಸಾಲು ಕೆತ್ತನೆ ನೋಡುವಾಗ ಸಿಂತ್ರಾ ನೆನಪಾಗುತ್ತದೆ ಅಂದರೆ ಇವರು ನಗುತ್ತಾರೆ. ನನಗಂತೂ ಆಗುತ್ತದೆ.

ಪೆನ್ಯಾ ವೆರ್ದ್ ಖಾಸಗಿ ಜಾಗ, ನೋಡಲು ಒಳಗೆ ಬಿಡುವುದಿಲ್ಲ. ಊರಿಂದ ಮೊನ್ಸರಾತ್‌ಗೆ ಹೋಗುವ ದಾರಿಯಲ್ಲೇ ಅದರ ಪಾಚಿಗಟ್ಟಿದ ಗೋಡೆ ಹಾದು ಹೋಗುತ್ತದೆ. ಮೊನ್ಸರಾತ್ ತೋಟದಲ್ಲಿ ಮಾತ್ರ ಭಾರತದ ಒಂದು ಕಲ್ಲಿನ ಕಮಾನನ್ನು ಕೈಯಿಂದ ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು. 1857ರ ದಂಗೆಯ ನಂತರ ಆಗಿನ ಗವರ್ನರ್ ಜನರಲ್ ಕ್ಯಾನಿಂಗ್‌ನಿಂದ ಫ್ರಾನ್ಸಿಸ್ ಕುಕ್ ಎಂಬ ಇಂಗ್ಲಿಷ್ ಬಟ್ಟೆ ವ್ಯಾಪಾರಿ ಕೊಂಡು ತಂದು ನಿಲ್ಲಿಸಿದ್ದು. ಪಾಪ, ಅದು ಯಾವ ಕೋಣೆಗೂ ಬಾಗಿಲಲ್ಲ ಈಗ. ಈ ಕಡೆಯಿಂದ ಹೋದರೂ ಕಾಲುದಾರಿ, ಆ ಕಡೆಯಿಂದ ಬಂದರೂ ಕಾಲುದಾರಿ. ನಾವಿದ್ದಷ್ಟು ಹೊತ್ತೂ ಜನ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು, ಎಲ್ಲಿಯದು ಅಂತ ಯಾರೂ ಕೇಳಲಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಬೇಕೆಂದೇ ಪಾಳು ಬಿದ್ದ ಹಾಗೆ ಮಾಡಿಸಿದ ಪ್ರಾರ್ಥನಾ ಮನೆ ಇದೆ. ಅದನ್ನು ಒಂದು ಆಲದ ಜಾತಿಯ ಮರ ಬೇರಿನಿಂದ ತಬ್ಬಿಕೊಂಡಿದೆ. ನಮ್ಮ ಕಡೆ ಪಾಳು ಗುಡಿಗಳಿಗೆ ಮರ ತಾನಾಗಿಯೇ ಬರುತ್ತದೆ, ಅಲ್ವಾ?

ಪ್ರ: ಜುಲೈನಲ್ಲಿ ಹೋಗುತ್ತಿದ್ದೇವೆ. ಲಿಸ್ಬನ್‌ನಲ್ಲಿ ಬಿಸಿಲು ಧಗೆಯಂತೆ. ಸಿಂತ್ರಾಗೆ ಸ್ವೆಟರ್ ಬೇಕಾ? (ಓದುಗರು, ಬಳ್ಳಾರಿ)

ಉ: ಬೇಕು. ಅಟ್ಲಾಂಟಿಕ್ ಸಮುದ್ರದ ಗಾಳಿ ನೇರವಾಗಿ ಬಂದು ಆ ಬೆಟ್ಟಕ್ಕೆ ಬಡಿಯುತ್ತದೆ, ಹಾಗಾಗಿ ಲಿಸ್ಬನ್ನಿಗಿಂತ ಯಾವಾಗಲೂ ತಂಪು. ಅದಕ್ಕೇ ರಾಜರು ಬೇಸಿಗೆ ಕಳೆಯಲು ಅಲ್ಲಿಗೆ ಓಡುತ್ತಿದ್ದದ್ದು. ಗೋಡೆ ತುಂಬ ಪಾಚಿ, ಜರಿಗಿಡ, ತೊಟ್ಟಿಕ್ಕುವ ಮರ, ತೀರ್ಥಹಳ್ಳಿ ಕಡೆಯವಳಾದ ನನಗೆ ರೈಲಿಳಿದ ತಕ್ಷಣ ಮೂಗಿಗೇ ಊರು ಗೊತ್ತಾಯಿತು. ಕೆಲವು ಬೆಳಿಗ್ಗೆ ಮಂಜು ಎಷ್ಟಿರುತ್ತದೆ ಅಂದರೆ ಪೆನಾದ ಬುಡದಲ್ಲಿ ನಿಂತವರಿಗೂ ಪೆನಾ ಕಾಣುವುದಿಲ್ಲ. ಕಾಣದಿದ್ದರೆ ಬೈಕೊಂಡು ವಾಪಸ್ ಬರಬೇಡಿ, ಹನ್ನೊಂದು ಹನ್ನೆರಡರ ಹೊತ್ತಿಗೆ ಸಾಮಾನ್ಯವಾಗಿ ಸರಿಯುತ್ತದೆ. ತೆಳು ಸ್ವೆಟರ್ ಸಾಕು, ಬಳ್ಳಾರಿಯವರಾದ್ದರಿಂದ ಒಂದು ಮಫ್ಲರನ್ನೂ ಇಟ್ಟುಕೊಳ್ಳಿ. ಕಲ್ಲು ಹಾಸಿದ ಬೀದಿ ಒದ್ದೆಯಾದರೆ ಜಾರುತ್ತದೆ, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ.